ಮದ್ದು ಬೆನ್ನಿಗೆ, ಕಣ್ಣು ಉಸಿರಿಗೆ

ಭಟ್ಕಳದಿಂದ ಹೊನ್ನಾವರ ದಾಟಿ ಕುಮಟಾ ಮುಟ್ಟುವ ಹೆದ್ದಾರಿ 66ರಲ್ಲಿ ರೋಗಿ ಹೊತ್ತ ಆಂಬುಲೆನ್ಸ್‌ಗಳು ಓಡುವುದು ಹೆಚ್ಚಾಗಿ ದಕ್ಷಿಣಕ್ಕೆ, ಮಣಿಪಾಲ–ಮಂಗಳೂರಿನತ್ತ. 2022ರ ಜುಲೈ 20ರಂದು ಹೊನ್ನಾವರದಿಂದ ಹೊರಟ ಆಂಬುಲೆನ್ಸ್ ಶಿರೂರು ಟೋಲ್‌ಗೇಟ್‌ನಲ್ಲಿ ಪಲ್ಟಿಯಾಗಿ ನಾಲ್ವರು ಸತ್ತರು. ಈ ಜಿಲ್ಲೆಗೊಂದು ದೊಡ್ಡಾಸ್ಪತ್ರೆ ಬೇಕೆಂಬ ಕೂಗು ಮತ್ತೆ ಎದ್ದಿತು. ಕ್ಯಾನ್ಸರ್ ನೋವಿಗೆ ಮದ್ದು ಹರಿಸುವ ನಳಿಕೆಯನ್ನು ಬೆನ್ನಲ್ಲಿ ಕೂರಿಸಿಕೊಳ್ಳಲೂ ಅತ್ತಲೇ ಹೋಗಬೇಕು. ಹಾಗಂತ ಬೆನ್ನಿನ ಮದ್ದು ಇಲ್ಲಿಗೆ ಅಪರಿಚಿತವಲ್ಲ. ಸಿಸೇರಿಯನ್ ಆದ ಬಾಣಂತಿಯರನ್ನು ಕೇಳಿ ನೋಡಿ.

ಹೊನ್ನಾವರದ ವಾರ್ಡೊಂದರಲ್ಲಿ ಸಿಸ್ಟರ್ ರೋಗಿಯ ಹಾಸಿಗೆಯ ಪಕ್ಕ ಗಡಿಯಾರ ಹಿಡಿದು ನಿಂತಿದ್ದಾರೆ. ಹೊದಿಕೆಯ ಕೆಳಗೆ ಎದೆ ಏರಿಳಿಯುವುದನ್ನು ಪೂರ್ತಿ ಒಂದು ನಿಮಿಷ ಎಣಿಸುತ್ತಾರೆ. ಬೆನ್ನುಹುರಿಯ ದ್ರವಕ್ಕೆ ಸೇರಿಸುವ ಮಾರ್ಫಿನ್ ಮಿಲಿಗ್ರಾಂನ ಹತ್ತನೇ ಒಂದು ಪಾಲಿನಷ್ಟೇ ಇರಬಹುದು. ಆದರೆ ಅದು ಮೆಲ್ಲಗೆ ಮೆದುಳಿನತ್ತ ಏರುತ್ತದೆ. ಹತ್ತು–ಹನ್ನೆರಡು ಗಂಟೆ ಕಳೆದ ಮೇಲೂ ಉಸಿರು ನಿಧಾನವಾದೀತು. ಎಣಿಕೆ ಹತ್ತಕ್ಕಿಂತ ಕೆಳಗಿಳಿದರೆ ಡಾಕ್ಟರಿಗೆ ಕರೆ, ಮಾರ್ಫಿನ್‌ಗೆ ಪ್ರತಿಮದ್ದಾದ ನಲಾಕ್ಸೋನ್ ಕೈಯಳತೆಯಲ್ಲಿ. ಆಮ್ಲಜನಕ ಕೊಡುತ್ತಿರುವಾಗ ಬೆರಳಿನ ಯಂತ್ರ 98 ತೋರಿಸುತ್ತಲೇ ಇರುತ್ತದೆ, ಅದನ್ನೇ ನಂಬಿ ಕೂರುವಂತಿಲ್ಲ. “ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸ್ಬೇಡಿ ಸಿಸ್ಟರ್” ಎನ್ನುತ್ತಾರೆ ಮನೆಯವರು. ಆ ರಾತ್ರಿಯ ಮಟ್ಟಿಗೆ ಇದಕ್ಕಿಂತ ಅಪಾಯದ ಮಾತಿಲ್ಲ. ಎಬ್ಬಿಸಿದರೆ ಏಳುತ್ತಾರೋ ಎಂಬುದನ್ನೇ ತಾನೆ ನೋಡಬೇಕಿರುವುದು!

ಈ ಮದ್ದಿನಿಂದ ಮೂಗು ತುರಿಸುವುದು, ಮೂತ್ರ ಕಟ್ಟುವುದು ಸಾಮಾನ್ಯ. ಕಾಲಿನ ಮಾತು ಬೇರೆ. ಇಳಿದಿದ್ದ ಜೋಮು ಮತ್ತೆ ಏರಿದರೆ, ಬೆನ್ನು ಕಿತ್ತುಬರುವಂತೆ ನೋಯತೊಡಗಿದರೆ ಒಳಗೆ ರಕ್ತ ಹೆಪ್ಪುಗಟ್ಟಿ ನರ ಒತ್ತುತ್ತಿರಬಹುದು. ಆಗ ಉಳಿದಿರುವುದು ಕೆಲವೇ ಗಂಟೆ.

ನೋವಿಗೆ ಸೊನ್ನೆಯಿಂದ ಹತ್ತರೊಳಗೆ ಅಂಕ ಕೊಡಿ ಎಂದರೆ ಅಜ್ಜಿಯರು ನಕ್ಕುಬಿಡುತ್ತಾರೆ. “ಮಗ್ಗಲು ತಿರುಗೂಕೆ ಆಗ್ತದಾ ಅಮ್ಮ?” ಎಂದರೆ ಉತ್ತರ ಬರುತ್ತದೆ. ಭಟ್ಕಳದಲ್ಲಿ ಅದನ್ನು ನವಾಯತಿಯಲ್ಲಿ, ಹೊನ್ನಾವರದಲ್ಲಿ ಕೆಲವರನ್ನು ಕೊಂಕಣಿಯಲ್ಲಿ ಕೇಳಬೇಕು. ಅದಕ್ಕೇ ಊರಿನ ಸಿಸ್ಟರ್‌ಗಳ ಬೆಲೆ ಹೆಚ್ಚು ಎಂದು ನನ್ನ ಎಣಿಕೆ.

ಕುಮಟಾದಲ್ಲಿ ಕಂಡದ್ದು ನಳಿಕೆಯೊಂದಿಗೇ ಮನೆಗೆ ಮರಳಿದವರ ಪಾಡು. ಡಿಸ್ಚಾರ್ಜ್ ಕಾಗದವೆಲ್ಲ ಇಂಗ್ಲಿಷ್. ಬೆನ್ನಿನ ನಳಿಕೆಗೂ ಕೈಯ ಡ್ರಿಪ್ಪಿಗೂ ಅದಲುಬದಲಾಗದಂತೆ ಬೇರೆ ಬೇರೆ ಚೀಟಿ ಅಂಟಿಸಿದ ಸಿಸ್ಟರ್, ಕಾಗದದ ಹಿಂಬದಿಗೆ ಕನ್ನಡದಲ್ಲಿ ಬರೆದುಕೊಟ್ಟರು: ಜ್ವರ ಬಂದರೆ, ಕಾಲು ಸೋತರೆ, ಬ್ಯಾಂಡೇಜ್ ಒದ್ದೆಯಾದರೆ ಬೆಳಗಾಗುವ ತನಕ ಕಾಯಬೇಡಿ, ಫೋನ್ ಮಾಡಿ.