ತಾಳವೂ ಒಂದು ಓದು

ರಾಯಬಾಗ ತಾಲ್ಲೂಕಿನ ಚಿಂಚಲಿಯಲ್ಲಿ ಮಾಯಕ್ಕದೇವಿಯ ಜಾತ್ರೆ ನೆರೆದಾಗ ಡೊಳ್ಳಿನವರ ಪಕ್ಕದಲ್ಲಿ ತಾಳ ಹಿಡಿದು ನಿಲ್ಲುವ ಹುಡುಗರನ್ನು ಗಮನಿಸಬೇಕು. ಹತ್ತು ವರ್ಷವೂ ತುಂಬಿರುವುದಿಲ್ಲ. ಡೊಳ್ಳಿನ ನಡೆ ಏರಿದರೂ ಇಳಿದರೂ ಅವರ ಪೆಟ್ಟು ಮಾತ್ರ ತಪ್ಪುವುದಿಲ್ಲ. ‘ಹೆಂಗ ಎಣಸ್ತೀಪಾ?’ ಎಂದು ಕೇಳಿದರೆ, ‘ಎಣಸೂದಿಲ್ರಿ, ಕೈ ತಾನ ಹೋಗತೈತಿ’ ಎಂದಾರು.

ಅಥಣಿ, ಕಾಗವಾಡ, ಚಿಕ್ಕೋಡಿ, ನಿಪ್ಪಾಣಿ ಕಡೆಯ ಹಳ್ಳಿಗಳ ಭಜನಾ ಮೇಳಗಳಲ್ಲೂ ಇಂಥ ಮಕ್ಕಳು ಸಿಗುತ್ತಾರೆ. ಎಂಟನೆಯ ತರಗತಿ ದಾಟಿತೆಂದರೆ ಟ್ಯೂಷನ್ ಶುರು. ಹತ್ತನೆಯದಕ್ಕೆ ಬರುವಷ್ಟರಲ್ಲಿ ತಬಲಾ ಅಟ್ಟ ಸೇರುತ್ತದೆ. ‘ಇದನ್ನ ಕಲತು ಮುಂದ ಏನು?’ ಎಂಬ ಪಾಲಕರ ಪ್ರಶ್ನೆ ತಪ್ಪಲ್ಲ. ಆದರೆ ಆ ಪ್ರಶ್ನೆಗೆ ಉತ್ತರ ಹುಡುಕದೆಯೇ ತಬಲಾ ಅಟ್ಟಕ್ಕೇರಿಸುವುದು ಮಾತ್ರ ತಪ್ಪು. ವಿಶ್ವವಿದ್ಯಾಲಯದಲ್ಲಿ ಪದವಿಗಾಗಿ ಓದಬಹುದಾದ ವಿಷಯಗಳಲ್ಲಿ ಲಯವೂ ಒಂದು. ಅದು ಸುಲಭದ ಓದಂತೂ ಅಲ್ಲ.

ಒಂದು ಚಿಕ್ಕ ಲೆಕ್ಕ ನೋಡೋಣ. ತೀನ್‌ತಾಲಕ್ಕೆ 16 ಮಾತ್ರೆ. ಮೊದಲ ಮಾತ್ರೆಯೇ ‘ಸಮ’. ಒಂದು ಸುತ್ತು ಮುಗಿದು ಮತ್ತೆ ಸಮ ಬರುವುದು 17ನೆಯ ಮಾತ್ರೆಗೆ. ತಬಲಾದವರು ಒಂದೇ ತುಣುಕನ್ನು ಮೂರು ಸಲ ನುಡಿಸಿ, ಕೊನೆಯ ಪೆಟ್ಟನ್ನು ಸರಿಯಾಗಿ ಸಮದ ಮೇಲೆ ತಂದು ನಿಲ್ಲಿಸುತ್ತಾರೆ. ಇದಕ್ಕೆ ತಿಹಾಯಿ ಎಂದು ಹೆಸರು. ಮೂರು ತುಣುಕುಗಳ ನಡುವೆ ಎರಡು ಬಿಡುವು. ತುಣುಕಿನ ಉದ್ದ ‘ಪ’, ಬಿಡುವಿನ ಉದ್ದ ‘ಬ’ ಎಂದಿಟ್ಟುಕೊಂಡರೆ 3ಪ + 2ಬ = 17. ಸಮದಿಂದಲೇ ಆರಂಭಿಸಿ, ಪೂರ್ಣ ಮಾತ್ರೆಗಳಲ್ಲೇ ಬಿಡಿಸಿದರೆ ಮೂರೇ ಉತ್ತರ: 5 ಮತ್ತು 1, 3 ಮತ್ತು 4, 1 ಮತ್ತು 7. ಹತ್ತು ಮಾತ್ರೆಯ ಝಪ್‌ತಾಲಕ್ಕೆ ಎಷ್ಟು ಉತ್ತರ ಎಂಬುದನ್ನು ವಿದ್ಯಾರ್ಥಿಗಳು ಮನೆಯಲ್ಲೇ ಬಿಡಿಸಬಹುದು. ಅರ್ಧ, ಕಾಲು ಮಾತ್ರೆಗಳನ್ನೂ ಸೇರಿಸಿಕೊಂಡರೆ ಉತ್ತರಗಳ ಸಂಖ್ಯೆ ಬೆಳೆಯುತ್ತಲೇ ಹೋಗುತ್ತದೆ. ನುಡಿಸುವವನ ಪ್ರತಿಭೆ ಕಾಣುವುದು ಅವುಗಳಲ್ಲಿ ಯಾವುದನ್ನು ಆರಿಸಿಕೊಂಡ ಎಂಬುದರಲ್ಲಿ.

ಸೃಜನಶೀಲತೆ ಎಂದರೆ ಮನಸ್ಸಿಗೆ ಬಂದಂತೆ ಬಾರಿಸುವುದೆಂದು ಹಲವರ ಭಾವನೆ. ತಬಲಾದ ‘ಕಾಯ್ದಾ’ ಇದಕ್ಕೆ ತೀರ ವಿರುದ್ಧ. ಹೆಸರೇ ಹೇಳುವಂತೆ ಅದೊಂದು ಕಾನೂನು. ಮೂಲ ಕಾಯ್ದಾದಲ್ಲಿರುವ ಬೋಲ್‌ಗಳನ್ನಷ್ಟೇ ಬಳಸಿ ಹಿಂದುಮುಂದು ಮಾಡುತ್ತ, ಹೊಸ ಹೊಸ ‘ಪಲ್ಟಾ’ಗಳನ್ನು ಕಟ್ಟಬೇಕು. ಹೊರಗಿನ ಒಂದು ಬೋಲ್ ನುಸುಳಿದರೂ ಬಲ್ಲವರು ಹುಬ್ಬು ಗಂಟಿಕ್ಕುತ್ತಾರೆ. ಭಜನೆಯ ಹುಡುಗನ ಕೈಗೆ ಇಲ್ಲದಿರುವುದು ಈ ಶಿಸ್ತು. ಅವನ ಕೈಯಲ್ಲಿ ಹುರುಪಿದೆ, ತೂಕವಿದೆ. ಆದರೆ ತಾನು ನುಡಿಸಿದ್ದನ್ನು ಬರೆದಿಡಲು ಬರುವುದಿಲ್ಲ, ಅದನ್ನು ಒಡೆದು ಮತ್ತೊಂದು ಕಟ್ಟಲೂ ಬರುವುದಿಲ್ಲ. ಕಾಲೇಜಿನ ಓದು ಅವನಿಗೆ ಕೊಡಬಹುದಾದದ್ದು ಇದನ್ನೇ.

ಶಾಲೆಯ ಕನ್ನಡ ಪಾಠ ಇಲ್ಲಿ ನೆರವಿಗೆ ಬರುತ್ತದೆ. ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿದವರಿಗೆ ಅದರ ಚಿಕ್ಕ ಸಾಲಿನ ಲೆಕ್ಕ ಗೊತ್ತಿದೆ: 3, 4, 3, 4, ಒಟ್ಟು 14 ಮಾತ್ರೆ. ಹಿಂದುಸ್ತಾನಿ ಸಂಗೀತದ ದೀಪಚಂದಿ ತಾಳದ ವಿಭಾಗವೂ 3, 4, 3, 4. ಕುಮಾರವ್ಯಾಸನನ್ನು ಓದಿದ ಹುಡುಗಿ ತನಗರಿವಿಲ್ಲದೆಯೇ ಆ ತಾಳವನ್ನು ಎಣಿಸಿರುತ್ತಾಳೆ.

ವಿಜ್ಞಾನದ ವಿದ್ಯಾರ್ಥಿಗಳಿಗೂ ಇದರಲ್ಲಿ ಕೆಲಸವಿದೆ. ಬರೀ ಬಿಗಿದ ಚರ್ಮವನ್ನು ಬಡಿದರೆ ಹೊರಡುವ ಉಪನಾದಗಳು ಮೂಲನಾದದ ಪೂರ್ಣ ಗುಣಕಗಳಾಗಿರುವುದಿಲ್ಲ. ಮೊದಲನೆಯ ಉಪನಾದವೇ ಸುಮಾರು 1.59 ಪಟ್ಟು. ಆದ್ದರಿಂದಲೇ ಸಾಮಾನ್ಯ ಡೋಲಿನಲ್ಲಿ ಸದ್ದಿದ್ದರೂ ಸ್ವರ ಸ್ಪಷ್ಟವಾಗುವುದಿಲ್ಲ. ತಬಲಾ, ಮೃದಂಗಗಳ ನಡುವಿನ ಕಪ್ಪು ಕರಣೆ ಚರ್ಮದ ತೂಕವನ್ನು ಬದಲಿಸಿ, ಉಪನಾದಗಳನ್ನು 2, 3, 4, 5 ಪಟ್ಟಿನ ಹತ್ತಿರಕ್ಕೆ ತರುತ್ತದೆ. ಇದನ್ನು ಕುರಿತು ಸಿ. ವಿ. ರಾಮನ್ 1920ರಲ್ಲಿ ಸಹಲೇಖಕರೊಡನೆ ‘ನೇಚರ್’ ಪತ್ರಿಕೆಯಲ್ಲೂ, 1934ರಲ್ಲಿ ಇನ್ನಷ್ಟು ವಿವರವಾಗಿಯೂ ಬರೆದರು. ಕರಣೆ ಮೆತ್ತಿದ ಹಳೆಯ ಕುಶಲಕರ್ಮಿಗಳು ಯಾವ ಸಮೀಕರಣವನ್ನೂ ಬಿಡಿಸಿದವರಲ್ಲ. ಕಿವಿಯೇ ಅವರ ಪ್ರಯೋಗಾಲಯವಾಗಿತ್ತು.

ಸಂಗೀತಕ್ಕೆ ಪಠ್ಯಕ್ರಮ, ಪರೀಕ್ಷೆ ಎಂಬ ಕಲ್ಪನೆಯ ಬೇರು ಹುಡುಕಿದರೆ ಅದೂ ಈ ಗಡಿಯ ಅಂಚಿನಲ್ಲೇ ಸಿಗುತ್ತದೆ. ವಿಷ್ಣು ದಿಗಂಬರ ಪಲುಸ್ಕರ್ 1872ರಲ್ಲಿ ಹುಟ್ಟಿದ ಕುರುಂದವಾಡ ಇಂದು ಕೊಲ್ಹಾಪುರ ಜಿಲ್ಲೆಯಲ್ಲಿದೆ. ಬಾಲ್ಯದಲ್ಲಿ ಪಟಾಕಿ ಸಿಡಿದು ಕಣ್ಣಿಗೆ ಪೆಟ್ಟಾದ ಹುಡುಗ ಮಿರಜದಲ್ಲಿ ಬಾಲಕೃಷ್ಣಬುವಾ ಅವರ ಬಳಿ ಸಂಗೀತ ಕಲಿತ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದು, ಗುರುವಿನ ಮನೆಯಲ್ಲಿದ್ದ ವಿದ್ಯೆಯನ್ನು ತರಗತಿಗೆ ತಂದರು. 1931ರಲ್ಲಿ ಅವರು ತೀರಿಕೊಂಡದ್ದೂ ಮಿರಜದಲ್ಲಿ. ಅವರ ಪರಂಪರೆಯ ಅಖಿಲ ಭಾರತೀಯ ಗಾಂಧರ್ವ ಮಹಾವಿದ್ಯಾಲಯ ಮಂಡಳದ ಪರೀಕ್ಷೆಗಳು ಪ್ರಾರಂಭಿಕದಿಂದ ವಿಶಾರದದವರೆಗೆ ಏಳು ಮೆಟ್ಟಿಲು. ತಬಲಾಕ್ಕೂ ಇವೆ. ರಾಜ್ಯದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಲ್ಲೂ ತಾಳವಾದ್ಯಕ್ಕೆ ಸ್ಥಾನವಿದೆ. ಐದನೆಯ ತರಗತಿಯಲ್ಲೇ ಆರಂಭಿಸಿ ವರ್ಷಕ್ಕೊಂದು ಮೆಟ್ಟಿಲು ಏರಿದ ಮಗು ಪಿಯುಸಿ ಮುಗಿಸುವ ಹೊತ್ತಿಗೆ ಪದವಿಗೆ ಸಿದ್ಧವಾಗಿರುತ್ತದೆ. ಪಿಯುಸಿ ಆದಮೇಲೆ ಅ ಆ ಇ ಈ ಕಲಿಯುತ್ತೇನೆಂದು ಹೊರಟವರ ಪಾಡು ಕಷ್ಟ.

ಪದವಿಗೆ ಎಲ್ಲಿ ಹೋಗಬೇಕು? ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಮಹಾವಿದ್ಯಾಲಯವಿದೆ. ಶೇಡಬಾಳ, ಉಗಾರ, ಕುಡಚಿ, ರಾಯಬಾಗದವರಿಗೆ ಬೆಳಗಾವಿ, ಲೋಂಡಾ ಮೂಲಕ ರೈಲಿನ ದಾರಿಯೂ ಉಂಟು. ನಿಪ್ಪಾಣಿಯವರಿಗೆ ಕೊಲ್ಹಾಪುರವೇ ಹತ್ತಿರ. ಅಲ್ಲಿ 1962ರಲ್ಲಿ ಆರಂಭವಾದ ಶಿವಾಜಿ ವಿಶ್ವವಿದ್ಯಾಲಯದಲ್ಲಿ ಸಂಗೀತ ಮತ್ತು ನಾಟಕ ವಿಭಾಗವಿದೆ. ಆದರೆ ಅಲ್ಲಿನದು ಮರಾಠಿ ವಾತಾವರಣ. ಕೈಗೆ ಭಾಷೆಯ ಹಂಗಿಲ್ಲ, ಶಾಸ್ತ್ರದ ಪತ್ರಿಕೆಗೆ ಉಂಟು. ಕನ್ನಡ ಶಾಲೆಯಿಂದ ಹೋಗುವ ಮಕ್ಕಳು ಇದನ್ನು ಮೊದಲೇ ಯೋಚಿಸಬೇಕು. ದೂರದ ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೇ ಮೀಸಲಾದ ವಿಶ್ವವಿದ್ಯಾಲಯ ಗಂಗೂಬಾಯಿ ಹಾನಗಲ್ ಅವರ ಹೆಸರಿನಲ್ಲಿದೆ. ಆ ತಾಯಿಯ ಶಾಲಾ ಓದು ಪ್ರಾಥಮಿಕ ಹಂತದಲ್ಲೇ ನಿಂತಿತ್ತು. ಮುಂದೆ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಗೌರವ ಪ್ರಾಧ್ಯಾಪಕರಾದರು.

ಇನ್ನು ಹೊಟ್ಟೆಪಾಡಿನ ಮಾತು. ಪದವಿ ಕೈಗೆ ಬಂದೊಡನೆ ನೌಕರಿ ಎಂದು ಯಾರಾದರೂ ಹೇಳಿದರೆ ನಂಬಬಾರದು. ಶಾಲೆಗಳ ಸಂಗೀತ ಶಿಕ್ಷಕರ ಹುದ್ದೆಗಳು ಕಡಿಮೆ. ಆಕಾಶವಾಣಿಯ ಶ್ರೇಣಿ ಸಿಗುವುದು ಧ್ವನಿಪರೀಕ್ಷೆಯಿಂದ. ಅಲ್ಲಿ ಕೇಳುವುದು ಕೈಯನ್ನು, ಅಂಕಪಟ್ಟಿಯನ್ನಲ್ಲ. ಕಾಲೇಜು ಉಪನ್ಯಾಸಕರ ಅರ್ಹತೆಗಾಗಿ ನಡೆಯುವ ನೆಟ್ ಪರೀಕ್ಷೆಯಲ್ಲಿ ಸಂಗೀತವೂ ಒಂದು ವಿಷಯವಾಗಿದ್ದು, ತಾಳವಾದ್ಯದವರಿಗೂ ಅವಕಾಶವಿದೆ. ಅದಕ್ಕೆ ಸ್ನಾತಕೋತ್ತರ ಪದವಿ ಬೇಕೇ ಬೇಕು. ಹಲವರ ಬದುಕು ನಡೆಯುವುದು ಮನೆಪಾಠ, ಸಾಥ್, ಕಾರ್ಯಕ್ರಮಗಳಿಂದ.

ತಬಲಾ ಹೆಣ್ಣುಮಕ್ಕಳಿಗಲ್ಲ ಎಂಬ ಮಾತು ಇನ್ನೂ ಕಿವಿಗೆ ಬೀಳುತ್ತದೆ. ಮುಂಬಯಿಯ ಆಬಾನ್ ಮಿಸ್ತ್ರಿ ಅವರು (1940–2012) ತಬಲಾ ನುಡಿಸಿದ್ದಷ್ಟೇ ಅಲ್ಲ, ಪಖಾವಜ್ ಮತ್ತು ತಬಲಾದ ಘರಾಣೆಗಳ ಮೇಲೆ ದೊಡ್ಡ ಗ್ರಂಥವನ್ನೇ ಬರೆದರು.

ಮಗುವನ್ನು ಕಳಿಸಲು ಮನಸ್ಸು ಮಾಡಿದ ಪಾಲಕರು ಫಲಿತಾಂಶದ ದಿನಕ್ಕಾಗಿ ಕಾಯದೆ, ಪರೀಕ್ಷೆ ಮುಗಿದ ವಾರವೇ ಕಾಲೇಜಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಈ ವರ್ಷ ತಬಲಾ ಮುಖ್ಯ ವಿಷಯವಾಗಿ ಇದೆಯೇ, ಕಲಿಸುವವರು ಇದ್ದಾರೆಯೇ, ವಸತಿಗೃಹದಲ್ಲಿ ರಿಯಾಜ್‌ಗೆ ಅವಕಾಶವಿದೆಯೇ ಎಂದು ನೇರವಾಗಿ ಕೇಳಬೇಕು. ಮೂರನೆಯ ಪ್ರಶ್ನೆಯನ್ನು ಹಲವರು ಮರೆಯುತ್ತಾರೆ. ಬೆಳಗಿನ ಐದಕ್ಕೆ ತಬಲಾ ಕೇಳಿದರೆ ಪಕ್ಕದ ಕೋಣೆಯವರು ಸುಮ್ಮನಿರುವುದಿಲ್ಲ.