ತಕಾಹಾಶಿ ಗೆದ್ದ ಓಟ

ಘಟಪ್ರಭಾ ದಂಡೆಯ ಅನಗವಾಡಿ ಇರಲಿ, ಬೀಳಗಿ ಸೀಮೆಯ ಬೇರೆ ಯಾವ ಊರೇ ಇರಲಿ, ಸಾಲಿಯ ಹಾಜರಿಯಲ್ಲಿ ಒಂದು ಹೆಸರು, ಬಯಲಿನಲ್ಲಿ ಇನ್ನೊಂದು. ಕಾಲೆಳೆದು ನಡೆಯುವವನು ಕುಂಟ, ಮಾತು ತಡವರಿಸುವವನು ತೊದಲ, ದಪ್ಪ ಕನ್ನಡಕದವಳು ಸೋಡಾಬುಡ್ಡಿ. ಅಕ್ಕೋರು ಗದರಿದರೆ ಅರ್ಧ ದಿನ ಸುಮ್ಮನಿದ್ದು ಮತ್ತೆ ಶುರು. ಗದರಿಕೆ ಮಾಡದ ಕೆಲಸವನ್ನು ಒಂದು ಕತೆಪುಸ್ತಕ ಮಾಡೀತೇ?

ಮಾಡಬಲ್ಲದು ಎನ್ನುವವರಿಗೆ ನಾನು ಕೊಡುವ ಪುಸ್ತಕ ‘ತೊತ್ತೋಚಾನ್’. ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಜಪಾನಿ ಭಾಷೆಯಲ್ಲಿ ಪ್ರಕಟಿಸಿದ ಬಾಲ್ಯದ ಕತೆ; ಕನ್ನಡಕ್ಕೆ ತಂದವರು ವಿ. ಗಾಯತ್ರಿ, ಪ್ರಕಟಿಸಿದ್ದು ನ್ಯಾಷನಲ್ ಬುಕ್ ಟ್ರಸ್ಟ್. ಇದು ಕಾದಂಬರಿಯೋ ಆತ್ಮಕತೆಯೋ ಎಂಬ ತಕರಾರು ಮಕ್ಕಳಿಗಂತೂ ಇಲ್ಲ. ಪಾಠದ ನಡುವೆ ಕಿಟಕಿಗೆ ಹೋಗಿ ಬೀದಿಯ ವಾದ್ಯದವರನ್ನು ಕರೆಯುವ ಹುಡುಗಿಯನ್ನು ಒಂದನೇ ತರಗತಿಯಲ್ಲೇ ಸಾಲಿಯಿಂದ ಹೊರಹಾಕುತ್ತಾರೆ. ಮುಂದೆ ಸೇರುವುದು ಟೊಮೊಯೆ ಶಾಲೆಗೆ. ಅಲ್ಲಿ ಹಳೆಯ ರೈಲುಡಬ್ಬಿಗಳೇ ತರಗತಿ. ಮುಖ್ಯ ಗುರು ಕೊಬಾಯಾಶಿ ಮೊದಲ ದಿನ ನಾಲ್ಕು ತಾಸು ಅವಳ ಮಾತು ಕೇಳುತ್ತಾ ಕೂರುತ್ತಾರೆ.

ನಮ್ಮ ಕೆಲಸಕ್ಕೆ ಬರುವುದು ತಕಾಹಾಶಿಯ ಪ್ರಸಂಗ. ಬೆಳವಣಿಗೆ ನಿಂತುಹೋದ, ಕೈಕಾಲು ಗಿಡ್ಡವಾದ ಹುಡುಗ. ಕ್ರೀಡಾಕೂಟದಲ್ಲಿ ಬಟ್ಟೆಯ ಮೀನಿನ ಬಾಯಲ್ಲಿ ನುಗ್ಗಿ ಬಾಲದಿಂದ ಹೊರಬರಬೇಕು. ಸಭಾಂಗಣದ ಮೆಟ್ಟಿಲನ್ನು ಒಂದೊಂದಾಗಿಯೇ ಏರಬೇಕು, ಹಾರುವಂತಿಲ್ಲ. ಉದ್ದಕಾಲಿನವರು ಮುಗ್ಗರಿಸುತ್ತಾರೆ, ಪ್ರತಿ ಸಲ ತಕಾಹಾಶಿಯೇ ಮೊದಲು. ಬಹುಮಾನ ಮೂಲಂಗಿ, ಸೊಪ್ಪು! ಮಕ್ಕಳಿಗೆ ನಾಚಿಕೆ. ಮನೆಗೆ ಒಯ್ದು ರಾತ್ರಿ ಊಟಕ್ಕೆ ಮಾಡಿಸಿರಿ, ನಿಮ್ಮ ದುಡಿಮೆಯ ಗಳಿಕೆ ಎನ್ನುತ್ತಾರೆ ಗುರುಗಳು.

ಇಷ್ಟು ಓದಿ ನಮ್ಮ ಗುರುಗಳು ಸಾಮಾನ್ಯವಾಗಿ ‘ನಮ್ಮಲ್ಲೂ ಒಬ್ಬ ಇದ್ದಾನಲ್ಲ’ ಎಂದುಬಿಡುತ್ತಾರೆ. ಅಲ್ಲಿಗೆ ಮುಗಿಯಿತು. ಎಲ್ಲರ ಕತ್ತು ಹಿಂದಿನ ಬೆಂಚಿನತ್ತ ತಿರುಗುತ್ತದೆ, ಆ ಹುಡುಗ ತಲೆ ತಗ್ಗಿಸುತ್ತಾನೆ, ಕುಂಟನ ಜಾಗಕ್ಕೆ ‘ತಕಾಹಾಶಿ’ ಎಂಬ ಹೊಸ ಅಡ್ಡಹೆಸರು ಬರುತ್ತದೆ. ‘ಅವನಿಗೆ ಎಷ್ಟು ನೋವಾಗಿರಬೇಕು’ ಎಂಬ ಪ್ರಶ್ನೆಯೂ ಬೇಡ. ಅದರಿಂದ ಹುಟ್ಟುವುದು ಅಯ್ಯೋ ಪಾಪ ಮಾತ್ರ. ಕೇಳಬೇಕಾದದ್ದು: ಆಟದ ನಿಯಮ ಯಾರು ಮಾಡಿದರು? ನಮ್ಮ ಬಯಲಿನ ಓಟದ ನಿಯಮ ಯಾರ ಕಾಲಿಗೆ ಅಳತೆ ಮಾಡಿದ್ದು? ಇದು ಬರಿಯ ಕನಿಕರದ ಮಾತಲ್ಲ. 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿರುವ 2016ರ ಕಾನೂನು, ಮಗುವಿಗೆ ತಕ್ಕಂತೆ ಶಾಲೆ ಹೊಂದಿಕೊಳ್ಳಬೇಕು ಎನ್ನುತ್ತದೆ. ಓದಲು ಬರೆಯಲು ಕಷ್ಟಪಡುವ ಡಿಸ್ಲೆಕ್ಸಿಯಾ ಕೂಡ ಆ ಪಟ್ಟಿಯಲ್ಲಿದೆ. ಇಂಥ ಮಗುವನ್ನೇ ನಾವು ‘ದಡ್ಡ’ ಎಂದು ಮೂಲೆಗೆ ಕೂರಿಸುತ್ತ ಬಂದಿದ್ದೇವೆ.

ಪುಸ್ತಕದ ಇನ್ನೊಂದು ಅಧ್ಯಾಯವನ್ನು ಮಕ್ಕಳಿಗಿಂತ ಮೊದಲು ಗುರುಗಳು ಓದಬೇಕು. ಮನುಷ್ಯನಿಗೆ ಒಂದು ಕಾಲಕ್ಕೆ ಬಾಲವಿತ್ತೆಂದು ಹೇಳುತ್ತಾ ಶಿಕ್ಷಕಿ, ನಿನಗೇನಾದರೂ ಇದೆಯೇ ಎಂದು ತಕಾಹಾಶಿಯನ್ನು ತಮಾಷೆಗೆ ಕೇಳುತ್ತಾಳೆ. ಕೊಬಾಯಾಶಿ ಅವಳಿಗೆ ಕಟುವಾಗಿಯೇ ಹೇಳುತ್ತಾರೆ, ಆದರೆ ಮಕ್ಕಳ ಮುಂದಲ್ಲ, ಅಡುಗೆಮನೆಯಲ್ಲಿ. ಅಡ್ಡಹೆಸರು ಎಷ್ಟೋ ಸಲ ಹುಟ್ಟುವುದು ಗುರುಗಳ ಕುರ್ಚಿಯಿಂದಲೇ ಎಂದು ನಮ್ಮ ಕ್ಲಸ್ಟರ್ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ.

ಅಧ್ಯಾಯಗಳು ಚಿಕ್ಕವು. ಪ್ರಾರ್ಥನೆ ಮುಗಿದ ಮೇಲೆ ದಿನಕ್ಕೊಂದು ಗಟ್ಟಿಯಾಗಿ ಓದಿದರೆ ಸಾಕು, ಪ್ರಶ್ನೋತ್ತರ ಬರೆಸಬೇಡಿ. ಕ್ರೀಡಾಕೂಟದ ಅಧ್ಯಾಯ ಬಂದ ವಾರ ಒಂದು ಹೊಸ ಆಟ ಕಟ್ಟುವ ಕೆಲಸವನ್ನು ಮಕ್ಕಳಿಗೇ ಕೊಡಿ, ಷರತ್ತು ಒಂದೇ: ತರಗತಿಯ ಯಾರೂ ಅಂಚಿಗೆ ಕುಳಿತು ಚಪ್ಪಲಿ ಕಾಯಬಾರದು. ಆಟದ ಸರ್ ತಕರಾರು ತೆಗೆಯಬಹುದು, ವಲಯಮಟ್ಟದಲ್ಲಿ ಇಂಥ ಆಟ ಇಲ್ಲವೆಂದು. ವಲಯಮಟ್ಟ ಅವರಿಗೇ ಇರಲಿ, ಶನಿವಾರದ ಬಯಲು ನಮ್ಮದು.