ಗೃಹಮಂಡಲಿಯ ಮೇಜಿನ ಸುತ್ತ ಕುಳಿತವರು

ಅಣ್ಣಾ ನಗರದ ಗೋಪುರ ಉದ್ಯಾನಕ್ಕೆ ನಾವೆಲ್ಲರೂ ಒಮ್ಮೆಯಾದರೂ ಮಕ್ಕಳನ್ನು ಕರೆದೊಯ್ದಿದ್ದೇವೆ. 1968ರ ವಿಶ್ವ ವ್ಯಾಪಾರ ಮೇಳಕ್ಕೆಂದು ನಿರ್ಮಿಸಿದ ಆ ಗೋಪುರಕ್ಕೆ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿರುವುದು ಅನೇಕ ಕನ್ನಡಿಗರಿಗೇ ತಿಳಿಯದು. ಅದರ ಸುತ್ತಲಿನ ವಿಶಾಲ ಬಡಾವಣೆಯನ್ನು ರೂಪಿಸಿದ್ದು ತಮಿಳುನಾಡು ಗೃಹಮಂಡಲಿ. ಅಶೋಕ ನಗರ, ಕೆ.ಕೆ. ನಗರ, ಬೆಸಂಟ್ ನಗರಗಳೂ ಈ ಮಂಡಲಿಯ ಕೈಯಿಂದಲೇ ಬೆಳೆದವು. ನಮ್ಮ ಎಷ್ಟೋ ಕುಟುಂಬಗಳು ಈ ಬಡಾವಣೆಗಳಲ್ಲಿ ಎರಡು ಮೂರು ತಲೆಮಾರುಗಳಿಂದ ನೆಲೆಸಿವೆ.

ಆದರೆ "ಹೌಸಿಂಗ್ ಬೋರ್ಡ್" ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಒಂದು ಕಚೇರಿ, ಒಂದು ಕಿಟಕಿ, ಅದರ ಹಿಂದಿನ ಗುಮಾಸ್ತ. ಕಾನೂನಿನ ದೃಷ್ಟಿಯಲ್ಲಿ ಬೋರ್ಡ್ ಎಂದರೆ ಒಂದು ಮೇಜಿನ ಸುತ್ತ ಕುಳಿತು ನಿರ್ಣಯ ಕೈಗೊಳ್ಳುವ ಸದಸ್ಯರ ಸಮೂಹ. ಅವರು ಯಾರು, ಏನನ್ನು ತೀರ್ಮಾನಿಸುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಇಂತಹ ಮಂಡಲಿಗಳ ಹುಟ್ಟಿಗೆ ಒಂದು ಮುಖ್ಯ ಕಾರಣ ಪ್ಲೇಗ್. ಮುಂಬಯಿಯಲ್ಲಿ 1896ರಲ್ಲಿ ಆ ಮಹಾಮಾರಿ ಹಬ್ಬಿದ ಬಳಿಕ, 1898ರಲ್ಲಿ ಅಲ್ಲಿ ನಗರ ಸುಧಾರಣಾ ಟ್ರಸ್ಟ್ ಸ್ಥಾಪನೆಯಾಯಿತು. ಮೈಸೂರು ತಡಮಾಡಲಿಲ್ಲ, 1903ರಲ್ಲಿಯೇ ಅಲ್ಲಿ ಅಂತಹ ಮಂಡಲಿ ಅಸ್ತಿತ್ವಕ್ಕೆ ಬಂತು. ಬೆಂಗಳೂರಿನದು 1945ರಲ್ಲಿ. ಮದರಾಸಿನಲ್ಲಿಯೂ 1940ರ ದಶಕದಲ್ಲಿ ಇಂತಹ ಟ್ರಸ್ಟ್ ಹುಟ್ಟಿತು. ಸಿ.ಐ.ಟಿ. ನಗರದ ಮೂರು ಅಕ್ಷರಗಳಲ್ಲಿ ಅದರ ಹೆಸರು ಇಂದಿಗೂ ಉಳಿದಿದೆ. 1961ರ ಕಾಯಿದೆಯ ಮೂಲಕ ಆ ಟ್ರಸ್ಟ್ ಇಡೀ ರಾಜ್ಯಕ್ಕೆ ಸಂಬಂಧಿಸಿದ ಗೃಹಮಂಡಲಿಯಾಯಿತು. 1970ರಲ್ಲಿ ಕೊಳೆಗೇರಿಗಳಿಗಾಗಿ ಪ್ರತ್ಯೇಕ ಮಂಡಲಿ ಬಂದಿತು. 2021ರಲ್ಲಿ ಅದಕ್ಕೆ ನಗರ ವಸತಿ ಅಭಿವೃದ್ಧಿ ಮಂಡಲಿ ಎಂದು ಮರುನಾಮಕರಣವಾಯಿತು.

ಗೃಹಮಂಡಲಿಯ ಅಧ್ಯಕ್ಷರನ್ನು ಹಾಗೂ ಸದಸ್ಯರನ್ನು ಜನರು ಮತ ಹಾಕಿ ಆರಿಸುವುದಿಲ್ಲ. ನೇಮಕ ರಾಜ್ಯ ಸರ್ಕಾರದ್ದು. ಅಧ್ಯಕ್ಷ ಪದವಿ ಬಹುಮಟ್ಟಿಗೆ ರಾಜಕೀಯ ನೇಮಕ. ಆಡಳಿತ ನಿರ್ದೇಶಕರು ಸಾಮಾನ್ಯವಾಗಿ ಐ.ಎ.ಎಸ್. ಅಧಿಕಾರಿ. ಸದಸ್ಯರಲ್ಲಿ ಸರ್ಕಾರದ ಹಿರಿಯ ಅಧಿಕಾರಿಗಳು ಪದನಿಮಿತ್ತ ಬರುತ್ತಾರೆ. ಅವರು ಬೇರೆ ಹುದ್ದೆಗೆ ವರ್ಗವಾದರೆ ಮಂಡಲಿಯ ಕುರ್ಚಿಯೂ ಕೈ ಬದಲಾಯಿಸುತ್ತದೆ. ನಿಮ್ಮ ಮನೆಯ ವಿಷಯ ಚರ್ಚಿಸಿದವರೇ ಮುಂದಿನ ಸಭೆಯಲ್ಲಿ ಇರುತ್ತಾರೆಂಬ ಭರವಸೆಯಿಲ್ಲ. ಸಭೆಯ ನಡವಳಿ ಪುಸ್ತಕವೊಂದೇ ಮಂಡಲಿಯ ನೆನಪು.

ಅವರ ನಿರ್ಣಯ ನಮ್ಮ ಕೈಚೀಲವನ್ನು ತಟ್ಟುವುದು ಬೆಲೆಯ ವಿಷಯದಲ್ಲಿ. ಮನೆ ಅಥವಾ ನಿವೇಶನ ಮಂಜೂರಾದಾಗ ಹೇಳುವುದು ತಾತ್ಕಾಲಿಕ ಬೆಲೆ. ಭೂಮಿ ಬಿಟ್ಟುಕೊಟ್ಟ ರೈತರು ನ್ಯಾಯಾಲಯಕ್ಕೆ ಹೋಗಿ ಹೆಚ್ಚಿನ ಪರಿಹಾರ ಪಡೆದರೆ ಆ ಹೊರೆ ಅಂತಿಮ ಬೆಲೆಯಲ್ಲಿ ಸೇರುತ್ತದೆ. ಅದನ್ನು ತೀರಿಸಿದ ಮೇಲಷ್ಟೇ ಕ್ರಯಪತ್ರ. ಕಂತುಗಳೆಲ್ಲ ಮುಗಿದವೆಂದು ನಿಶ್ಚಿಂತರಾಗಿದ್ದ ನಿವೃತ್ತರಿಗೆ ವರ್ಷಗಳ ಬಳಿಕ ವ್ಯತ್ಯಾಸದ ಮೊತ್ತದ ಪತ್ರ ಬರುವುದು ಹೀಗೆ. ರೈತನ ನ್ಯಾಯವಾದ ಹಕ್ಕನ್ನು ಅಲ್ಲಗಳೆಯಲಾಗದು. ಆದರೆ ತಡವಾದ ಕಾಲದ ಬಡ್ಡಿಯನ್ನು ಯಾರು ಹೊರಬೇಕು ಎಂಬುದು ಮಂಡಲಿ ಮತ್ತು ಸರ್ಕಾರ ತೀರ್ಮಾನಿಸುವ ಮಾತು. ಬಡ್ಡಿ ರಿಯಾಯಿತಿ ಘೋಷಣೆಯಾದ ಸಂದರ್ಭಗಳೂ ಉಂಟು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಾವು, ಮಂಜೂರಾತಿ ಪತ್ರವನ್ನೇ ಕ್ರಯಪತ್ರವೆಂದು ಭಾವಿಸಿ ಸಾಲಕ್ಕೆ ಬರುವವರನ್ನು ಕಂಡಿದ್ದೇವೆ. ತಂದೆಯ ಕಾಲದ ಕಡತವನ್ನು ಇಂದೇ ಬಿಚ್ಚಿ ನೋಡುವುದು ಒಳಿತು.

ಬಡವರ ಪಾಲಿಗೆ ನಿರ್ಣಯದ ಭಾರ ಇನ್ನೂ ದೊಡ್ಡದು. ಕೂವಂ ಮೊದಲಾದ ಜಲಮಾರ್ಗಗಳ ದಡದಲ್ಲಿದ್ದ ಕುಟುಂಬಗಳನ್ನು 2000ದಿಂದೀಚೆಗೆ ಕಣ್ಣಗಿ ನಗರ, ಸೆಮ್ಮಂಚೇರಿ, ಪೆರುಂಬಾಕ್ಕಂಗಳಿಗೆ ಸ್ಥಳಾಂತರಿಸಲಾಯಿತು. ನಗರದ ನಡುವಿನಿಂದ ಸುಮಾರು 20 ಕಿಲೋಮೀಟರ್ ಅಥವಾ ಅದಕ್ಕೂ ದೂರ. ತಲೆಯ ಮೇಲೆ ಸೂರು ಬಂತು. ಕೆಲಸ, ಶಾಲೆ, ಆಸ್ಪತ್ರೆ ದೂರವಾದವು. ನಮ್ಮ ಮನೆಗಳಿಗೆ ಕೆಲಸಕ್ಕೆ ಬರುವ ಹೆಂಗಸರಲ್ಲಿ ಕೆಲವರು ಈಗ ಎರಡು ಬಸ್ಸು ಬದಲಾಯಿಸಿ ಬರುತ್ತಾರೆ. ಸಭೆಯಲ್ಲಿ ಅವರಲ್ಲೊಬ್ಬರು ಕುಳಿತಿದ್ದರೆ ಬಸ್ಸಿನ ಮಾತು ಮೊದಲೇ ಬರುತ್ತಿತ್ತಲ್ಲವೇ?

ಇದು ಅಸಾಧ್ಯದ ಕನಸಲ್ಲ. ಅಮೆರಿಕದಲ್ಲಿ ಸ್ಥಳೀಯ ವಸತಿ ಸಂಸ್ಥೆಗಳ ಆಡಳಿತ ಮಂಡಲಿಯಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಆ ಸಂಸ್ಥೆಯ ನೆರವು ಪಡೆಯುವ ಒಬ್ಬರಾದರೂ ಸದಸ್ಯರಾಗಿರಬೇಕೆಂದು 1998ರ ಕಾನೂನು ವಿಧಿಸಿದೆ. ಒಂದು ಮತದಿಂದ ನಿರ್ಣಯ ಬದಲಾಗದಿರಬಹುದು. ಕೇಳಬೇಕಾದ ಪ್ರಶ್ನೆಯನ್ನು ಕೇಳುವವರೊಬ್ಬರು ಇರುತ್ತಾರೆ.

ನಮ್ಮಲ್ಲಿಯೂ ಬಾಗಿಲು ಪೂರ್ತಿ ಮುಚ್ಚಿಲ್ಲ. 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ವಿಧಿಯ ಪ್ರಕಾರ ಪ್ರತಿ ಸಾರ್ವಜನಿಕ ಸಂಸ್ಥೆಯೂ ತನ್ನ ಮಂಡಲಿ, ಸಮಿತಿಗಳ ವಿವರವನ್ನೂ, ಅವುಗಳ ಸಭೆಗೆ ಸಾರ್ವಜನಿಕರಿಗೆ ಪ್ರವೇಶವಿದೆಯೇ, ನಡವಳಿ ದೊರೆಯುವುದೇ ಎಂಬುದನ್ನೂ ತಾನಾಗಿಯೇ ಪ್ರಕಟಿಸಬೇಕು. ಪ್ರಕಟಿಸದಿದ್ದರೆ ಅರ್ಜಿ ಹಾಕಿ ಕೇಳಬಹುದು. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು. "ನಮ್ಮ ಬಡಾವಣೆಯ ಅಂತಿಮ ಬೆಲೆಯನ್ನು ಯಾವ ದಿನಾಂಕದ ಯಾವ ನಿರ್ಣಯ ನಿಗದಿಪಡಿಸಿತು?" ಎಂಬ ಒಂದು ಸಾಲಿನ ಪ್ರಶ್ನೆ, ಕಿಟಕಿಯ ಮುಂದಿನ ಹತ್ತು ದಿನಗಳ ವಾದಕ್ಕಿಂತ ಹೆಚ್ಚು ಫಲ ಕೊಡಬಲ್ಲದು.

ಹಳೆಯ ಫ್ಲ್ಯಾಟುಗಳಲ್ಲಿರುವವರಿಗೆ ಇನ್ನೊಂದು ಮಾತು. 2024ರ ಮಾರ್ಚ್‌ನಲ್ಲಿ ಜಾರಿಗೆ ಬಂದ ತಮಿಳುನಾಡು ಅಪಾರ್ಟ್‌ಮೆಂಟ್ ಒಡೆತನ ಕಾಯಿದೆಯಂತೆ, ಮೂರನೆಯ ಎರಡರಷ್ಟು ಮಾಲೀಕರು ಒಪ್ಪಿದರೆ ಕಟ್ಟಡವನ್ನು ಕೆಡವಿ ಮರುನಿರ್ಮಿಸಬಹುದು. ಅಲ್ಲಿ ಮೇಜಿನ ಸುತ್ತ ಕೂರುವವರು ನಾವೇ. ಆದರೆ ನಿವಾಸಿಗಳ ಸಂಘದ ಸಭೆಗೆ ಬರುವವರೆಷ್ಟು ಮಂದಿ? ಸಂಗೀತ ಕಚೇರಿಗೆ, ರಾಜ್ಯೋತ್ಸವಕ್ಕೆ ಸೇರುವಷ್ಟೇ ಉತ್ಸಾಹದಿಂದ ಅಲ್ಲಿಯೂ ಸೇರೋಣ. ಕೂಡಿ ಬಾಳಿದರೆ ಸ್ವರ್ಗ ಸುಖ ಎಂದು ಹಿರಿಯರು ಹೇಳಿದ್ದಾರೆ. ಒಂದೇ ಸೂರಿನಡಿ ಬಾಳುವವರು ಕೂಡಿ ಲೆಕ್ಕ ಕೇಳುವುದೂ ಅದರಲ್ಲಿ ಸೇರಿದೆಯೆಂದು ನಾವು ನಂಬಿದ್ದೇವೆ.